ದನ ಬಿಟ್ಟ ತೆನೆ

“ದನ ಕಾಯೋಕೆ ಲಾಯಕ್ಕು ಅಂತ ಬೈತಾರಲ್ಲ, ಇವನಿಗೆ ಆ ಬೈಗುಳವೂ ದೊಡ್ಡದಾಯ್ತು. ಇವನನ್ನ ದನವೇ ಕಾಯಬೇಕು!”

ಹೇಳಿದ್ದು ಬೋನಾ ಬಾಪ್ಪು. ಹೇಳಿದ್ದು ಇಗರ್ಜಿ, ಅಂದರೆ ನಮ್ಮ ಚರ್ಚಿನ ಅಂಗಳದಲ್ಲಿ, ಮೊಂತಿ ಹಬ್ಬದ ಬೆಳಿಗ್ಗೆ, ಬಸರೀಕಟ್ಟೆ ಸುತ್ತಿನ ನಮ್ಮವರ ಅಷ್ಟೂ ಮನೆಗಳ ಎದುರಿಗೆ. ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಮಕ್ಕಳು ಮೊದಲು ನಕ್ಕವು. ಆಮೇಲೆ ಅವುಗಳ ಅಪ್ಪ ಅಮ್ಮ ನಕ್ಕರು. ಕೊನೆಗೆ, ಇದನ್ನ ನಾನು ಮರೆಯೋದಿಲ್ಲ, ನಮ್ಮಮ್ಮನೂ ಸೆರಗು ಅಡ್ಡ ಹಿಡಿದು ನಕ್ಕಳು.

ಬಾಪ್ಪು ಅಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ಸ್ವಂತ ಚಿಕ್ಕಪ್ಪನೇನಲ್ಲ, ಊರಿಗೆಲ್ಲ ಬಾಪ್ಪು. ಪೂರ್ತಿ ಹೆಸರು ಬೋನಿಫಾಸ್. ನಮ್ಮ ಭಾಗದ ಮನೆಗಳಿಗೆಲ್ಲ ಇಗರ್ಜಿ ಕಡೆಯಿಂದ ಗುರ್ಕಾರ, ಅಂದರೆ ಹಿರಿಯ. ಮೊದಲು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ದವರು. ದಣಿ ಊರಲ್ಲಿ ಇಲ್ಲದಾಗ ತೋಟ, ಆಳು, ಗೊಬ್ಬರ, ಗೋಡೌನಿನ ಬೀಗದ ಕೈ ಎಲ್ಲ ನೋಡಿಕೊಳ್ಳೋನು ರೈಟರ್. ಆ ಕೆಲಸ ಬಿಟ್ಟು ಎಷ್ಟೋ ವರ್ಷ ಆದರೂ ಶರ್ಟಿನ ಜೇಬಲ್ಲಿ ಪೆನ್ನು ಇನ್ನೂ ಇದೆ. ಗಂಟಲೂ ಹಾಗೇ ಇದೆ.

ಬೈದದ್ದು ಯಾಕೆ ಅಂತ ಹೇಳಿಬಿಡ್ತೀನಿ. ಮೊಂತಿ ಹಬ್ಬ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟಿದ ಹಬ್ಬ, ಹೊಸ ತೆನೆ ಹಬ್ಬವೂ ಹೌದು. ಫಾದರ್ ತೆನೆ ಆಶೀರ್ವದಿಸಿ ಮನೆಗೊಂದು ಕೊಡ್ತಾರೆ. ಅದರ ಕಾಳು ಸುಲಿದು ಅರೆದು ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣೋದು. ಈ ಹಬ್ಬ ನಮ್ಮ ಹಿರಿಯರ ಜೊತೆ ಕರಾವಳಿಯಿಂದ ಘಟ್ಟ ಹತ್ತಿ ಬಂತು. ತೆನೆ ಮಾತ್ರ ಹತ್ತಲಿಲ್ಲ. ಸೆಪ್ಟೆಂಬರ್ ಎಂಟಕ್ಕೆ ಕರಾವಳಿ ಗದ್ದೆ ತಲೆ ತೂಗುತ್ತೆ. ನಮ್ಮಲ್ಲಿ ಆಗಿನ್ನೂ ನಾಟಿಯ ಕೆಸರು ಕಾಲಿಂದ ಹೋಗಿರಲ್ಲ. ಹಾಗಾಗಿ ಪ್ರತಿ ವರ್ಷ ಮಂಗಳೂರಿಂದ ಬಸ್ಸಲ್ಲಿ ಒಂದು ಕಟ್ಟು ತೆನೆ ಶೃಂಗೇರಿಗೆ ಬರುತ್ತೆ. ಅದನ್ನ ತರೋಕೆ ಹಿಂದಿನ ದಿನ ನನ್ನ ಕಳಿಸಿದ್ದರು.

ಕಟ್ಟು ಇಳಿಸಿಕೊಂಡೆ, ಬೈಕಿನ ಹಿಂದೆ ಬಿಗಿದೆ. ಅಷ್ಟರಲ್ಲಿ ಒಬ್ಬ ಆಟೋದವನು, “ಬೈಕ್ ತೆಗಿಯೋ, ಇದೇನು ನಿನ್ನಪ್ಪನ ಜಾಗವಾ?” ಅಂದ. ಅಪ್ಪ ತೀರಿಕೊಂಡವರು, ಅವರ ಹೆಸರು ಎತ್ತಿದ ಮೇಲೆ ಸುಮ್ಮನಿರೋದು ಹ್ಯಾಗೆ? ಜಗಳ ಆಯ್ತು. ಗೆದ್ದೆ ಕೂಡ. ಗೆದ್ದು ತಿರುಗಿ ನೋಡಿದರೆ ಒಂದು ಬಿಳಿ ದನ ಅರ್ಧ ಕಣ್ಣು ಮುಚ್ಚಿಕೊಂಡು ಜಗಿಯುತ್ತಾ ನಿಂತಿದೆ. ಹಗ್ಗದ ಬಿಗಿಗೆ ಸಿಕ್ಕಿ ಉಳಿದ ಎಂಟ್ಹತ್ತು ತೆನೆ ಬಿಟ್ಟರೆ ಕಟ್ಟಲ್ಲಿ ಇದ್ದದ್ದು ಬರೀ ಹುಲ್ಲು. ತಪ್ಪು ಆಟೋದವನದ್ದು ಅಂತ ನಾನು ಈಗಲೂ ಹೇಳ್ತೀನಿ.

ಫಾದರ್ ಕೊಪ್ಪದ ಇಗರ್ಜಿಗೆ ಫೋನ್ ಮಾಡಿದರು. ಆ ಪುಣ್ಯಾತ್ಮರು ತಮ್ಮ ಕಟ್ಟಲ್ಲೇ ಅರ್ಧ ಬಿಡಿಸಿ ಜೀಪಲ್ಲಿ ಕಳಿಸಿದರು. ಹಬ್ಬ ನಿಲ್ಲಲಿಲ್ಲ. ಆದರೆ ಬಾಪ್ಪುಗೆ ಮರ್ಯಾದೆ ಹೋಯ್ತು. ಅದಕ್ಕೇ ಈ ಬೈಗುಳ.

ನನಗೆ ಸಿಟ್ಟು ಬರುತ್ತೆ. ಯಾಕೆ ಬರುತ್ತೆ ಅಂತ ಕೇಳಿದರೆ ಇನ್ನೂ ಬರುತ್ತೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಅದೇ ಸಿಟ್ಟಲ್ಲಿ. ಅಂಗಳದ ಮಧ್ಯೆ ನಿಂತು ಕೂಗಿದೆ: “ಮುಂದಿನ ವರ್ಷ ಮಂಗಳೂರಿನ ಕಟ್ಟೂ ಬೇಡ, ಕೊಪ್ಪದ ಕಟ್ಟೂ ಬೇಡ. ಇಲ್ಲೇ ಬೆಳೆದು ಕೊಡ್ತೀನಿ. ಈ ಮಣ್ಣಲ್ಲಿ!”

“ಹುಲ್ಲು ಹೊಡೆಯೋ ಗಿಲ್ಬರ್ಟ ಭತ್ತ ಬೆಳೀತಾನಂತೆ,” ಅಂತ ಯಾರೋ ಹಿಂದಿನಿಂದ. ನಗು ಇನ್ನೂ ಜೋರಾಯ್ತು. ನನ್ನ ಕಸುಬೇ ಅದು. ಹೆಗಲಿಗೆ ಮಷಿನ್ ಹಾಕಿಕೊಂಡು ಎಸ್ಟೇಟುಗಳಲ್ಲಿ ಕಳೆ ಹೊಡೆಯೋದು. ಗರ್ರ್ ಅಂತ ಕೂಗೋ ಮಷಿನ್ನು ನನಗೆ ಒಗ್ಗುತ್ತೆ. ನಾನು ಎಷ್ಟು ಬೈದುಕೊಂಡರೂ ಯಾರಿಗೂ ಕೇಳಿಸಲ್ಲ.

ಫಾದರ್ ನಗಲಿಲ್ಲ. ಅವತ್ತಿನ ಪೂಜೆಯ ಪ್ರವಚನದಲ್ಲಿ ಅವರು ಹೇಳಿದ್ದು ಇಷ್ಟು: ನಾವೆಲ್ಲ ದೇವರ ಎಸ್ಟೇಟಿನ ರೈಟರುಗಳು. ದಣಿ ಅವನು. ಮಣ್ಣು, ನೀರು, ಮೈಯಲ್ಲಿರೋ ಶಕ್ತಿ, ಬೆಳಗಿಂದ ಸಂಜೆವರೆಗಿನ ಹೊತ್ತು, ಎಲ್ಲ ಅವನದ್ದು. ನಮ್ಮ ಹತ್ತಿರ ಇರೋದು ಬೀಗದ ಕೈ. ಇದನ್ನ ಕೇಳಿ ಬಾಪ್ಪು ಎದೆ ಸೆಟೆಸಿ ಕೂತರು. ನಾನು ಹಿಂದೆ ಕಂಬಕ್ಕೆ ಒರಗಿ, ರೈಟರ್ ಅಂದರೆ ಬಾಪ್ಪು ತರಹ ಆಗೋದಾದರೆ ನನಗೆ ಆ ಬೀಗದ ಕೈ ಬೇಡವೇ ಬೇಡ ಅಂದುಕೊಂಡೆ.

ಪೂಜೆ ಮುಗಿದ ಮೇಲೆ ಫಾದರ್ ನಮ್ಮಿಬ್ಬರನ್ನೂ ಇಗರ್ಜಿ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇಗರ್ಜಿದೇ ಒಂದು ತುಂಡು ಗದ್ದೆ, ಉಳುಮೆಯಿಲ್ಲದೆ ಹಡೀಲು ಬಿದ್ದು ಜೊಂಡು ಬೆಳೆದಿತ್ತು. ಅದಕ್ಕೆ ಅಡಿಕೆ ಹಾಕಬೇಕು ಅಂತ ಬಾಪ್ಪು ಆಗಲೇ ಸಸಿ ತರಿಸಿ, ಪ್ಲಾಸ್ಟಿಕ್ ತೊಟ್ಟೆ ಸಮೇತ ಗೋಡೆ ಬುಡಕ್ಕೆ ಸಾಲಾಗಿ ಇಟ್ಟಿದ್ದರು.

“ಒಂದು ವರ್ಷ ಇವನಿಗೆ ಬಿಡೋಣ ಬೋನಾ ಬಾಪ್ಪು,” ಅಂದರು ಫಾದರ್. “ಹಬ್ಬಕ್ಕೆ ತೆನೆ ಬಂದರೆ ಗದ್ದೆ ಗದ್ದೆಯಾಗೇ ಇರಲಿ. ಬರದಿದ್ದರೆ ನಿಮ್ಮ ಸಸಿ ನೆಡಿ.”

“ನೆಡೋದು ಒಂದು ವರ್ಷ ತಡ, ಅಷ್ಟೇ,” ಅಂದರು ಬಾಪ್ಪು. ಸಸಿಗಳನ್ನ ಅಲ್ಲಿಂದ ತೆಗೆಯಲೂ ಇಲ್ಲ. ನಾನು ಗದ್ದೆಗೆ ಇಳಿದಾಗಲೆಲ್ಲ ಅವು ಸಾಲಾಗಿ ನಿಂತು ನೋಡ್ತಾ ಇದ್ದವು, ನಾನು ಸೋಲೋದನ್ನ ಕಾಯೋ ನೆಂಟರ ಹಾಗೆ.

ಬಿತ್ತನೆ ಎಲ್ಲಿಂದ? ದನ ಬಿಟ್ಟ ತೆನೆ ಇತ್ತಲ್ಲ. ಅಮ್ಮ ಅದನ್ನ ಬಿಸಾಕದೆ ಒಲೆ ಮೇಲಿನ ಹೊಗೆಗೆ ತೂಗಿಹಾಕಿದ್ದಳು. “ಇಷ್ಟು ಜನ ನಕ್ಕದ್ದು ಇದಕ್ಕೇ ಅಲ್ವಾ, ನೋಡೋಣ, ಉತ್ತರ ಹೇಳೋಕೆ ಇದಕ್ಕೂ ಒಂದು ಬಾಯಿ ಇರಬಹುದು,” ಅಂದಳು.

ಇಗರ್ಜಿ ಗದ್ದೆಗೆ ತಾಗಿ ರಂಗಪ್ಪ ಗೌಡರ ಗದ್ದೆ. ಬೇಸಿಗೆ ಮಧ್ಯೆ ನಾನು ಜೊಂಡು ಕಡಿದು ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ಸಸಿಮಡಿ ಮಾಡ್ತಾ ಇದ್ದರೆ ಅವರು ಬದುವಿನ ಮೇಲೆ ನಿಂತು, “ಎಂತ ಮಾರಾಯ, ಕಾಲ ಗೀಲ ಎಂತದೂ ಇಲ್ವನಾ ನಿಂಗೆ?” ಅಂದರು.

“ಮರಿಯಮ್ಮನ ಹಬ್ಬಕ್ಕೆ ತೆನೆ ಬೇಕು ಗೌಡ್ರೆ.”

“ನಿಮ್ಮ ಮರಿಯಮ್ಮನಿಗೆ ದೀಪಾವಳಿಗೆ ಹುಟ್ಟು ಅಂತ ಹೇಳಬೇಕಿತ್ತು. ನಮಗೂ ಸಲೀಸು, ನಿಮಗೂ ಸಲೀಸು.” ನಕ್ಕರು. ನಕ್ಕು ಹೋಗಲಿಲ್ಲ, ಪಂಚೆ ಎತ್ತಿಕಟ್ಟಿ ಇಳಿದು ಬದು ಸರಿಮಾಡಿಕೊಟ್ಟರು. ಹೋಗುವಾಗ, “ಮಳೆಗಾಲದ ಮೋಡದಲ್ಲಿ ಪೈರು ನಿದ್ದೆ ಹೊಡೀತದೆ, ತೆನೆ ತಡ ಆಗ್ತದೆ. ನೀ ಎಬ್ಬಿಸೋಕೆ ಹೋಗಬೇಡ,” ಅಂದರು.

ಅರ್ಧ ಕಾಳು ಮೊಳೆಯಲೇ ಇಲ್ಲ. ಮೊಳೆತದ್ದರಲ್ಲಿ ಒಂದಿಷ್ಟು ಏಡಿ ಕತ್ತರಿಸಿತು. ಉಳಿದದ್ದನ್ನ ಒಂದೊಂದೇ ಎಳೆ ಬಿಡಿಸಿ ನೆಟ್ಟೆ. ನೆಟ್ಟು ಸೊಂಟ ಹಿಡಿದುಕೊಂಡು ನಿಂತು ನೋಡಿದರೆ, ಅಷ್ಟಗಲ ಕೆಸರಲ್ಲಿ ಅಷ್ಟೇ ಅಷ್ಟು ಹಸಿರು ಗಾಳಿಗೆ ಬಗ್ಗಿ ಏಳ್ತಾ ಇತ್ತು. ಅದರ ಧೈರ್ಯ ನೋಡಿ ನಗು ಬಂತು. ಒಬ್ಬನೇ ನಿಂತು ನಕ್ಕೆ. ಅಷ್ಟು ವರ್ಷದಲ್ಲಿ ನಾನು ಹಸಿರು ಕಂಡರೆ ಹೊಡೆದದ್ದೇ ಹೊರತು ನೆಟ್ಟದ್ದು ಅದೇ ಮೊದಲು. ಕೈಗೆ ಇನ್ನೂ ಹಳೇ ಬುದ್ಧಿ ಹೋಗಿರಲಿಲ್ಲ. ಒಂದು ದಿನ ಬದುವಿನ ಹುಲ್ಲು ಸವರೋಕೆ ಮಷಿನ್ ತಂದವನು, ಏನೋ ಹಾಡಿಕೊಂಡು, ಕೊನೇ ಸಾಲು ಪೈರನ್ನೂ ಸೇರಿಸಿ ಸವರಿಬಿಟ್ಟೆ. ಅವತ್ತು ನಾನು ನನಗೇ ಬೈದುಕೊಂಡದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಅಲ್ಲಿಂದ ಕಾವಲು ಶುರು. ಬಿದಿರು ಬೇಲಿ ಹಾಕಿದೆ. ಗಿಳಿ ಬಂದರೆ ಡಬ್ಬ ಬಡಿದೆ. ಹೂವು ಕೊಯ್ಯೋಕೆ ಬಂದ ಮಕ್ಕಳನ್ನ ಅಟ್ಟಿದೆ. ರಂಗಪ್ಪ ಗೌಡರ ಹೆಂಡತಿ ಜಲಜಮ್ಮನ ದನ ಗೌರಿ ಬೇಲಿ ಮೇಲಿಂದ ಕತ್ತು ಹಾಕಿತು ಅಂತ ಅದಕ್ಕೊಂದು ಕಲ್ಲು ಬೀಸಿದೆ. ತಾಗಿತು.

ಜಲಜಮ್ಮ ಓಡಿ ಬಂದರು. “ನಿಂದೇನೋ ಗದ್ದೆ? ನಿಮ್ಮ ದೇವರದ್ದು ಅಂತ ಹೇಳ್ತಿದ್ಯಲ್ಲ?”

“ದೇವರದ್ದೇ. ಅದಕ್ಕೇ ನಿಮ್ಮ ದನದ್ದಲ್ಲ!”

“ದನ ಯಾರದ್ದು ಮತ್ತೆ? ಅದನ್ನ ನೀ ಮಾಡಿದ್ದಾ?”

ಮರುದಿನದಿಂದ ನಮ್ಮ ಮನೆಗೆ ಹಾಲು ಬರೋದು ನಿಂತಿತು. ಅಮ್ಮ ಕರೀ ಚಾ ಕಾಸಿ ನನ್ನ ಎದುರಿಗೂ ಒಂದು ಲೋಟ ಇಟ್ಟಳು. ಅದನ್ನ ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಗೌಡರು ಹೇಳಿದ ಹಾಗೇ ಆಯ್ತು. ಆಷಾಢದ ಮೋಡಕ್ಕೆ ಪೈರು ನಿದ್ದೆಗೆ ಬಿತ್ತು. ಎಲೆ ಬಂತು, ತೆನೆಯ ಸುಳಿವಿಲ್ಲ. ಬಾಪ್ಪು ದಿನಾ ಸಂಜೆ ಜಪಮಾಲೆ ಹಿಡಿದುಕೊಂಡು ಗೋಡೆ ಬುಡಕ್ಕೆ ಬರೋರು, ಅಡಿಕೆ ಸಸಿಗೆ ನೀರು ಹಾಕೋರು, ಮಳೆ ಸುರೀತಾ ಇದ್ದರೂ! ಆಗಸ್ಟ್ ಮುಗಿಯುವಾಗ ಗೌಡರು ಒಂದು ಬುಡ ಹಿಡಿದು, ಉಬ್ಬಿದ ಕಡೆ ಬೆರಳಾಡಿಸಿ, “ಹೊಡೆ ತುಂಬಿದೆ, ಬಸುರಿ. ತೆನೆ ಒಳಗೇ ಇದೆ. ಮುಟ್ಟಿ ಮುಟ್ಟಿ ನೋಡಬೇಡ ಇನ್ನು,” ಅಂದರು.

ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ ಹೋಗಿ ನೋಡ್ತೀನಿ, ಮೂರು ತೆನೆ ಹೊರಗೆ ಬಂದಿವೆ. ಇಬ್ಬನಿ ಹೊತ್ತುಕೊಂಡು, ಬಿಳೀ ಹೂವಿನ ಧೂಳು ಹಚ್ಚಿಕೊಂಡು, ಏನೂ ನಡೆದೇ ಇಲ್ಲ ಅನ್ನೋ ಹಾಗೆ ನಿಂತಿವೆ. ನನಗೆ ಯಾರಿಗೆ ಹೇಳಬೇಕು ಗೊತ್ತಾಗಲಿಲ್ಲ. ಓಡಿದೆ. ಇಗರ್ಜಿ ಗಂಟೆಯ ಹಗ್ಗ ಕೈಗೆ ಸಿಕ್ಕಿತು. ಎಳೆದೆ. ಎಳೆದೇ ಎಳೆದೆ.

ನಮ್ಮಲ್ಲಿ ಹೊತ್ತಲ್ಲದ ಹೊತ್ತಲ್ಲಿ ಗಂಟೆ ಆದರೆ ಯಾರೋ ತೀರಿಕೊಂಡರು ಅಂತ ಅರ್ಥ. ಅದು ನೆನಪಾಗೋ ಹೊತ್ತಿಗೆ ಅರ್ಧ ಊರು ಅಂಗಳದಲ್ಲಿತ್ತು. ಹೆಂಗಸರು ತಲೆ ಮೇಲೆ ಬಟ್ಟೆ ಹಾಕಿಕೊಂಡು ಅಳೋಕೆ ತಯಾರಾಗೇ ಬಂದಿದ್ದರು. ಬಾಪ್ಪು ಅರ್ಧ ಬೋಳಿಸಿದ ಗಡ್ಡದಲ್ಲಿ ಏದುಸಿರು ಬಿಡ್ತಾ ಓಡಿ ಬಂದರು.

“ಯಾರೋ? ಯಾರು ಹೋದದ್ದು?”

“ಹೋದದ್ದಲ್ಲ ಬಾಪ್ಪು, ಬಂದದ್ದು!”

ಗದ್ದೆ ಕಡೆ ಕೈ ತೋರಿಸಿ, “ಮೂರು ತೆನೆ!” ಅಂದೆ. ಆಮೇಲೆ ಫಾದರ್ ನಗೋಕೆ ಶುರು ಮಾಡಿದರು ನೋಡಿ, ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಳೋಕೆ ಬಂದವರೆಲ್ಲ ಗದ್ದೆಗೆ ಇಳಿದು ಮೂರು ತೆನೆ ನೋಡಿಕೊಂಡು, ಹೆರಿಗೆ ಮನೆ ನೋಡಿದ ಹಾಗೆ ಪಿಸುಗುಟ್ಟಿಕೊಂಡು ಹೋದರು. ಬಾಪ್ಪು ಮಾತ್ರ, “ಮೂರು ತೆನೆಗೆ ಇಷ್ಟು ಗಂಟೆ, ಮುನ್ನೂರು ಬಂದಿದ್ದರೆ ಗೋಪುರ ಬೀಳಿಸ್ತಿದ್ದ,” ಅಂದರು.

ಹಬ್ಬದ ಹಿಂದಿನ ದಿನಕ್ಕೆ ಒಂದು ಕಟ್ಟಿನಷ್ಟು ತೆನೆ ಆಗಿತ್ತು. ಉಳಿದದ್ದು ಇನ್ನೂ ಹೊಡೆಯಲ್ಲೇ ಇತ್ತು. ಅದು ಒಡೆಯೋ ಹೊತ್ತಿಗೆ ಹಬ್ಬ ಮುಗಿದಿರುತ್ತೆ. ಆದರೂ ನಮ್ಮ ಇಗರ್ಜಿಗೆ ಮನೆಗೊಂದು ಸರಿಯಾಗಿ ಸಾಕು. ಗೆದ್ದೆ ಅಂತ ಕೂತಿದ್ದೆ. ಆಗ ಫಾದರ್ ನಮ್ಮ ಮನೆಗೆ ಬಂದರು.

“ಗಿಲ್ಬರ್ಟ್, ಘಟ್ಟದಲ್ಲಿ ಗುಡ್ಡ ಜರಿದಿದೆ. ಕೆಳಗಿನಿಂದ ಬಸ್ಸು ಬರ್ತಾ ಇಲ್ಲ. ಕೊಪ್ಪದಿಂದ, ಶೃಂಗೇರಿಯಿಂದ, ಎನ್.ಆರ್. ಪುರದಿಂದ ಫೋನು. ಅವರಿಗೆ ತೆನೆಯಿಲ್ಲ.”

“ಅದಕ್ಕೆ?”

“ಅದಕ್ಕೆ ಅಂತ ಏನಿಲ್ಲ. ನಿನಗೆ ಹೇಳಿದೆ, ಅಷ್ಟೇ.”

“ಆಗಲ್ಲ ಫಾದರ್. ನೀರು ಹೊತ್ತದ್ದು ನಾನು. ನಗಿಸಿಕೊಂಡದ್ದು ನಾನು. ನನ್ನ ಗದ್ದೆಯಿಂದ ಒಂದು ಎಳೆ ಹೊರಗೆ ಹೋಗಲ್ಲ.”

ಫಾದರ್ ತಲೆಯಾಡಿಸಿ ಹೋದರು. ವಾದ ಮಾಡಿದ್ದರೆ ನನಗೆ ಸುಲಭ ಇತ್ತು. ಅಮ್ಮ ಅಂಗಳದಲ್ಲಿ ಕೆಸುವಿನ ದಂಟು ಸುಲೀತಾ ಇದ್ದವಳು ತಲೆ ಎತ್ತದೆ ಕೇಳಿದಳು: “ಹೋದ ವರ್ಷ ಅರ್ಧ ಕಟ್ಟು ಬಿಡಿಸಿ ಕಳಿಸಿದ್ದರಲ್ಲ ಕೊಪ್ಪದವರು, ಅವರ ಕಟ್ಟಿಗೆ ನಿನ್ನಂಥ ದಣಿ ಇರಲಿಲ್ಲ ಅಲ್ವಾ?”

“ದಣಿ ಅನ್ನಬೇಡ!”

“ಮತ್ತೆ ಏನನ್ನಲಿ? ಬೋನಾ ಬಾಪ್ಪು ಬರೀ ರೈಟರ್ ಆಗಿದ್ದರಪ್ಪ. ನೀನು ನೇರ ದಣಿಯೇ ಆಗಿಬಿಟ್ಟೆ. ಗೌರಿಗೆ ಕಲ್ಲು ಹೊಡೆದ ದಿನವೇ ಅಂದುಕೊಂಡೆ.”

ಎದ್ದು ಗದ್ದೆಗೆ ಹೋದೆ. ಕುಕ್ಕರುಗಾಲಲ್ಲಿ ಕೂತು ಇನ್ನೂ ಒಡೆಯದ ಹೊಡೆಗಳನ್ನ ನೋಡಿದೆ. ನಾನು ಕೊಡಗಟ್ಟಲೆ ನೀರು ಹೊತ್ತದ್ದು ನಿಜ. ಆದರೆ ಎಷ್ಟು ಹೊತ್ತರೂ, ಎಷ್ಟು ಬೈದರೂ ಇವುಗಳಲ್ಲಿ ಒಂದನ್ನ ಒಂದು ದಿನ ಮುಂಚೆ ಒಡೆಸೋಕೆ ನನ್ನ ಕೈಲಿ ಆಗಿರಲಿಲ್ಲ. ಬೀಜ ಮಂಗಳೂರಿನ ಯಾರದ್ದೋ ಗದ್ದೆಯದ್ದು. ಉಳಿಸಿದ್ದು ಶೃಂಗೇರಿಯ ಒಂದು ದನ. ಬದು ಗೌಡರದ್ದು. ಹಾಗೆ ಲೆಕ್ಕ ಹಾಕ್ತಾ ಹೋದರೆ ನನ್ನದು ಅಂತ ಉಳಿದದ್ದು ಸಿಟ್ಟು ಒಂದೇ. ಅದು ಯಾರಿಗೂ ಬೇಡ.

ಕತ್ತಿ ತೆಗೆದೆ. ಮೂರು ಇಗರ್ಜಿಗೆ ಮೂರು ಕಟ್ಟು. ಕೊಡೋದೇ ಆದರೆ ಕಂಜೂಸಿ ಯಾಕೆ ಅಂತ ಸಿಟ್ಟಿನಲ್ಲೇ ಕೈ ಬಿಚ್ಚಿ ಕಟ್ಟಿದೆ. ನಮ್ಮ ಪಾಲಿಗೆ ಬುಡದಲ್ಲಿ ನಾಲ್ಕಾರು ತೆನೆ ಉಳಿದವು. ಕಟ್ಟುಗಳನ್ನ ಬೈಕಿಗೆ ಬಿಗಿದೆ. ಕಿಕ್ ಒದ್ದು ಹೊರಟೆ.

ಆ ದಿನದ ಸವಾರಿ ಇದೆಯಲ್ಲ, ಅಂಥದ್ದು ಇನ್ನೊಂದಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಶೃಂಗೇರಿ ಬಸ್ ಸ್ಟ್ಯಾಂಡಲ್ಲಿ ಬೈಕ್ ನಿಲ್ಲಿಸಿದರೆ ಎದುರಿಗೆ ಅದೇ ಆಟೋದವನು. ಹೆಸರು ಉಮಾಮಹೇಶ್ವರ ಅಂತ ಅವತ್ತೇ ಗೊತ್ತಾದದ್ದು. ಆಟೋ ಮೇಲೆ ಬರೆಸಿದ್ದ.

“ಏನ್ ಮಾರಾಯ, ಈ ವರ್ಷದ್ದೂ ನಮ್ಮೂರ ದನಕ್ಕೇ ತಂದ್ಯಾ?”

ಬಾಯಿ ತೆಗೆದೆ. ಬೈಯೋ ಬದಲು ನಗು ಬಂತು. ಅವನೂ ನಕ್ಕ. “ಇಗರ್ಜಿಗೆ ಕೊಡಬೇಕಾ? ಮೊದಲು ಚಾ ಕುಡಿ, ನಾ ಕಾಯ್ತೀನಿ,” ಅಂತ ಕಟ್ಟುಗಳನ್ನ ಮಗುವನ್ನ ಹಿಡಿದ ಹಾಗೆ ತೊಡೆ ಮೇಲೆ ಇಟ್ಟುಕೊಂಡು, ಹತ್ತಿರ ಬಂದ ದನಗಳಿಗೆಲ್ಲ “ಹೋಗಮ್ಮ, ಇದು ಮರಿಯಮ್ಮನದ್ದು” ಅಂತ ಹೇಳ್ತಾ ಕೂತ. ಕೊಪ್ಪದಲ್ಲಿ ಕಟ್ಟು ಇಸಕೊಂಡ ಮುದುಕ ಫಾದರ್ ತೆನೆ ಮೂಸಿ ನೋಡಿ, “ಘಟ್ಟದ ಮೇಲಿನ ಮಣ್ಣು!” ಅಂತ ಎರಡು ಸಲ ಹೇಳಿದರು. ಎನ್.ಆರ್. ಪುರದಲ್ಲಿ ಇಗರ್ಜಿ ಗುಡಿಸ್ತಿದ್ದ ಹೆಂಗಸರು ಪೊರಕೆ ಬಿಟ್ಟು ಬಂದು, ಬೇಡ ಬೇಡ ಅಂದರೂ ಬೈಕಿಗೆ ಒಂದು ಬಾಳೆಗೊನೆ ಕಟ್ಟಿದರು. ಹೋಗುವಾಗ ಮೂರು ಕಟ್ಟು, ಬರುವಾಗ ಒಂದು ಗೊನೆ. ದಾರಿಯುದ್ದಕ್ಕೂ ಜೋರಾಗಿ ಹಾಡಿದೆ. ಹೆಲ್ಮೆಟ್ಟಿನ ಒಳಗೆ ನನ್ನ ದನಿ ಕೆಟ್ಟದಾಗಿ ಕೇಳಿಸ್ತಿತ್ತು, ಹೋಗಲಿ ಬಿಡಿ.

ಹಬ್ಬದ ಬೆಳಿಗ್ಗೆ ಫಾದರ್ ತೆನೆ ಇಗರ್ಜಿಗೆ ತರಿಸಲಿಲ್ಲ, ಇಗರ್ಜಿಯನ್ನೇ ಗದ್ದೆಗೆ ಕರೆದುಕೊಂಡು ಬಂದರು. ಮರಿಯಮ್ಮನ ಪ್ರತಿಮೆ ಹೊತ್ತು, ಹಾಡು ಹೇಳ್ತಾ, ಬದುವಿನ ಮೇಲೆ ಸಾಲು ಸಾಲು ಜನ. ಬೇಲಿ ನಾನೇ ಕಿತ್ತೆ. ಅಟ್ಟಿಸಿಕೊಂಡಿದ್ದ ಮಕ್ಕಳು ಬುಟ್ಟಿಯಲ್ಲಿದ್ದ ಹೂವೆಲ್ಲ ಎಸೆದವು. ಅರ್ಧ ಮರಿಯಮ್ಮನ ಮೇಲೆ ಬಿತ್ತು, ಅರ್ಧ ಬೇಕಂತಲೇ ನನ್ನ ಮೇಲೆ. ಉಳಿದ ನಾಲ್ಕಾರು ತೆನೆಯನ್ನ ಅಲ್ಲೇ ಕೊಯ್ದು ಆಶೀರ್ವದಿಸಿದರು. ಒಂದೊಂದು ತೆನೆಗೆ ಎಷ್ಟೊಂದು ಕವಲು ಇರುತ್ತೆ ಅಂತ ನಾನು ಅವತ್ತೇ ಸರಿಯಾಗಿ ನೋಡಿದ್ದು. ಮನೆಗೊಂದು ಕವಲು ಬಂತು. ಒಂದೊಂದರಲ್ಲಿ ಏಳೆಂಟು ಹಾಲುಗಾಳು.

ಕಾಳು ಕಡಿಮೆ, ಬಾಯಿ ಜಾಸ್ತಿ. ಮನೆಮನೆಯಲ್ಲಿ ಬೇರೆ ಬೇರೆ ಪಾಯಸ ಬೇಡ, ಅಂಗಳದಲ್ಲೇ ಒಂದು ಹಂಡೆ ಇಡೋಣ ಅಂದಳು ಅಮ್ಮ. ಕವಲನ್ನ ಮನೆಯ ದೇವರ ಪೀಠಕ್ಕೆ ಇಟ್ಟುಕೊಂಡು, ಕಾಳಲ್ಲಿ ಒಂದೆರಡನ್ನ ಎಲ್ಲರೂ ಹಂಡೆಗೆ ತಂದು ಹಾಕಿದರು. ಹಾಲು ಎಲ್ಲಿ ಅಂತ ನೋಡುವಾಗ ಬದುವಿನ ಮೇಲೆ ಜಲಜಮ್ಮ, ಕೈಯಲ್ಲಿ ತುಂಬಿದ ಕ್ಯಾನು.

“ನಿಂಗೆ ತಂದದ್ದಲ್ಲ. ನಿಮ್ಮಮ್ಮ ಕರೆದ್ರು, ಅದಕ್ಕೆ ಬಂದೆ.”

“ಜಲಜಮ್ಮ, ತೆನೆ ಬಿಡಿಸಿದ ಹಸೀ ಹುಲ್ಲು ಇದೆ. ಬದುವಿನದ್ದೂ ಸೇರಿಸಿ ಗೌರಿಗೆ ನಾನೇ ತಂದು ಹಾಕ್ತೀನಿ.”

“ಹುಲ್ಲೇ ಹಾಕು ಮತ್ತೆ. ಕಲ್ಲು ಹಾಕಬೇಡ.” ಆದರೆ ತುಟಿ ಅಂಚಲ್ಲಿ ನಗು ಇತ್ತು.

ಊಟಕ್ಕೆ ಎಲೆ ಹಾಕಿದರು. ಹರಿವೆ, ಹೀರೆ, ಕೆಸು, ಕಳಲೆ, ಎನ್.ಆರ್. ಪುರದ ಬಾಳೆಹಣ್ಣು. ರಂಗಪ್ಪ ಗೌಡರು ಫಾದರ್ ಪಕ್ಕ ಕೂತು ಪಾಯಸ ಸುರಿದುಕೊಂಡು, “ಕಾಳು ಕಣ್ಣಿಗೆ ಕಾಣ್ತಾ ಇಲ್ಲ ಫಾದರೆ, ಆದ್ರೂ ಘಮ್ ಅಂತದೆ,” ಅಂದರು. ನಾನು ಎರಡು ಲೋಟ ಕುಡಿದು ಎದ್ದೆ. ಹುಲ್ಲಿನ ಹೊರೆ ಕಟ್ಟಿ ತಲೆ ಮೇಲೆ ಇಟ್ಟುಕೊಂಡು ಅಂಗಳ ದಾಟ್ತಾ ಇದ್ದೆ.

“ನೋಡ್ರೋ!” ಬೋನಾ ಬಾಪ್ಪು. ಪಂಕ್ತಿಯ ನಡುವಿನಿಂದ, ಅದೇ ಗಂಟಲು. “ಒಂದು ಇಗರ್ಜಿಯ ತೆನೆ ನಾಲ್ಕಕ್ಕೆ ಹಂಚಿ ನಮಗೆ ಹಕ್ಕಿ ತಿಂದು ಬಿಟ್ಟಷ್ಟು ಕೊಟ್ಟ. ಈಗ ಉಳಿದದ್ದನ್ನ ಹೊತ್ತುಕೊಂಡು ಹೊರಟ. ಎಲ್ಲಿಗೋ? ಮತ್ತೆ ದನಕ್ಕಾ?”

ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು. ಮಕ್ಕಳು ಮೊದಲು, ಹೋದ ವರ್ಷದ ಹಾಗೇ.

ಉತ್ತರ ಇತ್ತು ನನ್ನ ಹತ್ತಿರ. ಒಂದು ವರ್ಷ ಮಷಿನ್ನಿನ ಸದ್ದಿನೊಳಗೆ ಮಸೆದು ಮಸೆದು ಇಟ್ಟುಕೊಂಡದ್ದು. ತಿರುಗಿದೆ. ಬಾಪ್ಪು ಶರ್ಟಿನ ಜೇಬಲ್ಲಿ ಪೆನ್ನಿನ ಪಕ್ಕ ತೆನೆಯ ಕವಲು ಸಿಕ್ಕಿಸಿಕೊಂಡಿದ್ದರು, ಬಾಗದ ಹಾಗೆ ಪೆನ್ನಿನ ಕ್ಲಿಪ್ಪಿಗೇ ದಾರ ಸುತ್ತಿ. ಅವರ ಹಿಂದೆ ಇಗರ್ಜಿ ಗೋಡೆ. ಗೋಡೆ ಬುಡದಲ್ಲಿ ಅಡಿಕೆ ಸಸಿ ಇರಲಿಲ್ಲ. ಒಂದೂ ಇರಲಿಲ್ಲ. ತೊಟ್ಟೆ ಇಟ್ಟಿದ್ದ ಕಡೆ ಒದ್ದೆ ಮಣ್ಣಲ್ಲಿ ದುಂಡು ದುಂಡು ಗುರುತು ಮಾತ್ರ ಸಾಲಾಗಿ ಉಳಿದಿತ್ತು.

“ಎಂತ, ನಾಲಿಗೇನೂ ದನಕ್ಕೆ ಹಾಕಿದ್ಯೇನೋ?” ಅಂದರು ಬಾಪ್ಪು.

ಬದುವಿನ ಆಚೆಯಿಂದ ಗೌರಿ ಒಂದು ಸಲ ಕೂಗಿತು. ನಾನು ತಲೆ ಮೇಲಿನ ಹೊರೆ ಸರಿಮಾಡಿಕೊಂಡು ಆ ಕಡೆ ನಡೆದೆ.